ಹೈಬ್ರಿಡ್ ಸೈಕಲ್ಲಿನ ಅದ್ವೈತ

ಸೈಕಲ್ ಅಂಗಡಿಯ ಹುಡುಗ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಸಾರ್, ನೀವು ಓಡಿಸೋದು ರೋಡಲ್ಲೋ, ಆಫ್‌ರೋಡಲ್ಲೋ?" ಉತ್ತರವಾಗಿ ನಾನು ಬೆಂಗಳೂರಿನ ನನ್ನ ಬಡಾವಣೆಯ ಹೆಸರನ್ನಷ್ಟೇ ಹೇಳಿದೆ. ಆತ ಮರುಮಾತಾಡದೆ ಒಳಗೆ ಹೋಗಿ ಒಂದು ಹೈಬ್ರಿಡ್ ಸೈಕಲನ್ನು ತಳ್ಳಿಕೊಂಡು ಬಂದ.

ತೆಳು ಟೈರಿನ ರೋಡ್ ಸೈಕಲ್ ನುಣುಪಾದ ಡಾಂಬರನ್ನು ನಂಬಿ ಹುಟ್ಟಿದ್ದು; ದಪ್ಪ ಟೈರಿನ ಮೌಂಟನ್ ಬೈಕು ಕಲ್ಲುಮುಳ್ಳನ್ನು ನಂಬಿದ್ದು. ಹೈಬ್ರಿಡ್ ಇವೆರಡರ ನಡುವಿನ ರಾಜಿ: ಹಗುರವಾದ ಅಲ್ಯೂಮಿನಿಯಂ ಚೌಕಟ್ಟು, ನೇರ ಹ್ಯಾಂಡಲ್, ರೋಡ್ ಸೈಕಲ್ಲಿನಷ್ಟೇ ದೊಡ್ಡ ಚಕ್ರ, 40 ಮಿಲಿಮೀಟರಿನ ಆಸುಪಾಸಿನ ಟೈರು, ಒಟ್ಟು ತೂಕ ಸುಮಾರು 12 ಕೆ.ಜಿ. ವಾರವಿಡೀ ಡಾಂಬರಿನ ಮೇಲೆ ಕಚೇರಿಗೆ ಹೋಗಿ, ಭಾನುವಾರ ಕೆರೆಯಂಚಿನ ಮಣ್ಣುದಾರಿಯಲ್ಲಿ ವಿಹರಿಸುವ ಸುಖಜೀವಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೋ ಇದನ್ನು ರೂಪಿಸಿರಬೇಕು. ಆ ಎರಡೂ ಅನುಭವಗಳನ್ನು ಮನೆಯ ಗೇಟಿನಿಂದ ಹಾಲಿನ ಬೂತಿನವರೆಗಿನ ಇನ್ನೂರು ಮೀಟರಿನಲ್ಲೇ ಒದಗಿಸಬಹುದೆಂಬುದು ಆ ಪುಣ್ಯಾತ್ಮರಿಗೆ ಹೊಳೆದಿರಲಾರದು. ರಸ್ತೆ ಬೇರೆ, ಕಾಡುದಾರಿ ಬೇರೆ ಎಂದುಕೊಂಡಿದ್ದ ಅವರು ದ್ವೈತಿಗಳು. ನಮ್ಮ ನಗರಾಡಳಿತವು ಈ ಭೇದಬುದ್ಧಿಯನ್ನು ಬುಲ್ಡೋಜರ್ ಸಮೇತ ಅಳಿಸಿಹಾಕಿದೆ.

ನನ್ನ ಸೈಕಲ್ಲಿನ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ನೆತ್ತಿಯಲ್ಲೊಂದು ಪುಟ್ಟ ಗುಬುಟು ಇದೆ. ಒಳ್ಳೆಯ ರಸ್ತೆಯಲ್ಲಿ ಅದನ್ನು ತಿರುಗಿಸಿದರೆ ಸಸ್ಪೆನ್ಷನ್ ಬಿಗಿಯಾಗಿ, ತುಳಿದ ಶಕ್ತಿ ಪೋಲಾಗುವುದಿಲ್ಲ. ಕೆಟ್ಟ ರಸ್ತೆ ಬಂದಾಗ ಸಡಿಲಿಸಬೇಕು. ಮೊದಲ ದಿನ ನಾನು ಈ ಸೂಚನೆಯನ್ನು ಶ್ರದ್ಧೆಯಿಂದ ಪಾಲಿಸಿ, ಹೊಸ ಡಾಂಬರಿಗೆ ಬಿಗಿದು, ನೀರಿನ ಪೈಪಿಗಾಗಿ ಅಗೆದು ಜಲ್ಲಿ ಸುರಿದ ಪಟ್ಟಿಗೆ ಸಡಿಲಿಸಿ, ಮತ್ತೆ ಬಿಗಿದು, ಕೇಬಲ್ಲಿಗಾಗಿ ಅಗೆದ ಪಟ್ಟಿಗೆ ಮತ್ತೆ ಸಡಿಲಿಸಿ, ಮುಖ್ಯರಸ್ತೆ ಮುಟ್ಟುವಷ್ಟರಲ್ಲಿ ಮಣಿಕಟ್ಟು ನೋಯಿಸಿಕೊಂಡೆ. ಅಂದಿನಿಂದ ಅದು ಸಡಿಲಾಗಿಯೇ ಇದೆ.

ಇನ್ನು ಹಂಪುಗಳ ವಿಚಾರ. ರಸ್ತೆಗಳ ನಿಯಮ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ರಸ್ತೆಯುಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂದರೆ ಅದೊಂದು ಸೌಮ್ಯವಾದ ದಿಬ್ಬ. ನಮ್ಮ ಅಡ್ಡರಸ್ತೆಯದು ಎತ್ತರದಲ್ಲಿ ಮಾನದಂಡವನ್ನು ಮೀರಿ, ಅಗಲದಲ್ಲಿ ಒಂದು ಚಪ್ಪಲಿಯುದ್ದಕ್ಕೆ ತೃಪ್ತಿಪಟ್ಟಿದೆ. ಬಣ್ಣ ಬಳಿದಿಲ್ಲವಾದ್ದರಿಂದ ಕತ್ತಲಲ್ಲಿ ಅದರ ಇರವು ಮೊದಲು ತಿಳಿಯುವುದು ಬೆನ್ನುಮೂಳೆಗೆ.

ಆದರೆ ಹಗುರವಾದ ಸೈಕಲ್ಲಿನ ನಿಜವಾದ ಬೆಲೆ ನನಗೆ ಅರ್ಥವಾದದ್ದು ಅದರಿಂದ ಇಳಿದ ಮೇಲೆ. ತೂಕ ಕಡಿಮೆಯಿದ್ದರೆ ವೇಗ ಹೆಚ್ಚುತ್ತದೆ ಎಂದು ಅಂಗಡಿಯ ಹುಡುಗ ಹೇಳಿದ್ದ. ಪಾಪ, ಚಿಕ್ಕವನು. ತೂಕ ಕಡಿಮೆಯಿರಬೇಕಾದದ್ದು ಚಪ್ಪಡಿ ತೆಗೆದಿಟ್ಟ ಮೋರಿಯನ್ನು ದಾಟುವಾಗ ಸೈಕಲನ್ನು ಹೆಗಲಿಗೇರಿಸಲಿಕ್ಕೆ, ಲಿಫ್ಟ್ ಕೆಟ್ಟ ಸ್ಕೈವಾಕಿನ ಮೆಟ್ಟಿಲು ಹತ್ತಲಿಕ್ಕೆ. ನಾಲ್ಕು ಕಿಲೋಮೀಟರಿನ ದಾರಿಯಲ್ಲಿ ಸೈಕಲ್ ನನ್ನನ್ನು ಮೂರು ಕಿಲೋಮೀಟರ್ ಹೊತ್ತರೆ ನಾನು ಅದನ್ನು ಒಂದು ಕಿಲೋಮೀಟರ್ ಹೊರುತ್ತೇನೆ. ಹೈಬ್ರಿಡ್ ಎಂಬ ಮಾತಿಗೆ ಇದಕ್ಕಿಂತ ನ್ಯಾಯವಾದ ಅರ್ಥ ನನಗೆ ತೋರದು.

ಸೈಕಲ್ ಸವಾರರಾದ ನಮಗಾಗಿ ನಗರಾಡಳಿತ ಏನೂ ಮಾಡಿಲ್ಲವೆಂದರೆ ನಾಲಿಗೆಗೆ ಹುಳ ಬಿದ್ದೀತು. 2020ರಲ್ಲಿ, ಕೊರೊನಾ ಕಾಲದ ಉತ್ಸಾಹದಲ್ಲಿ, ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್.ಪುರದ ಕಡೆಗೆ ತಾತ್ಕಾಲಿಕ ಸೈಕಲ್ ಪಥವನ್ನು ಗೂಟ ನೆಟ್ಟು ಗುರುತಿಸಲಾಗಿತ್ತು. ಗೂಟಗಳು ಒಂದೊಂದಾಗಿ ಕಣ್ಮರೆಯಾದವು, ಪಥದೊಳಗೆ ಬೈಕುಗಳು ನುಗ್ಗಿದವು, ಆಮೇಲೆ ಮೆಟ್ರೊ ಕಾಮಗಾರಿ ಬಂದು ಮಿಕ್ಕದ್ದನ್ನೂ ನುಂಗಿತು. ತಾತ್ಕಾಲಿಕವೆಂದು ಹೇಳಿ ಕೊಟ್ಟ ಮಾತಿನಂತೆ ತಾತ್ಕಾಲಿಕವಾಗಿಯೇ ಉಳಿದದ್ದು ಈ ಊರಿನಲ್ಲಿ ಬಹುಶಃ ಅದೊಂದೇ. ನಮ್ಮ ಬೀದಿಯ ತಾತ್ಕಾಲಿಕ ಬ್ಯಾರಿಕೇಡಿನ ಮೇಲೆ ಈಗ ಹಾಗಲಬಳ್ಳಿ ಕಾಯಿ ಬಿಟ್ಟಿದೆ. ಜಯನಗರದಲ್ಲಿ ಅದಕ್ಕೂ ಮೊದಲೇ ಗುರುತಿಸಿದ್ದ ಸೈಕಲ್ ಪಥಗಳಲ್ಲಿ ಕಾರುಗಳು ಚಲಿಸುವುದಿಲ್ಲ ಎಂಬುದು ಮಾತ್ರ ಸಮಾಧಾನದ ಸಂಗತಿ. ಅವು ಅಲ್ಲಿ ನಿಂತಿರುತ್ತವೆ.

ನಾನು ನಿತ್ಯ ಹೋಗುವ ದಾರಿಯಲ್ಲಿಯೂ ಇಪ್ಪತ್ತು ಹೆಜ್ಜೆಯುದ್ದದ ಒಂದು ಸೈಕಲ್ ಪಥ ಉಳಿದುಕೊಂಡಿದೆ. ಎಳನೀರಿನ ಗಾಡಿಯಿಂದ ಆರಂಭವಾಗಿ ಟ್ರಾನ್ಸ್‌ಫಾರ್ಮರಿನ ಕಂಬದಲ್ಲಿ ಅದು ಮುಗಿಯುತ್ತದೆ. ನೆಲದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಸೈಕಲ್ಲಿನ ಚಿತ್ರವಿತ್ತು. ಕಳೆದ ವಾರ ಅದರ ನಟ್ಟನಡುವೆಯೇ ಅಗೆದು ಹೋಗಿದ್ದಾರೆ. ಮುಂದಿನ ಚಕ್ರ ಡಾಂಬರಿನ ಮೇಲೆ ಹಾಗೆಯೇ ಇದೆ, ಹಿಂದಿನ ಚಕ್ರ ಜಲ್ಲಿರಾಶಿಯ ಅಡಿಯಲ್ಲಿದೆ.