ಐದು ದಶಾಂಶ ಒಂದು

ನಮ್ಮ ಹಿಂದಿನ ಎಡ ಸ್ಪೀಕರಿನಲ್ಲಿ ಕಣಜವೊಂದು ಮನೆ ಕಟ್ಟುತ್ತಿದೆ. ದೀಪಾವಳಿಗೆಂದು ಏಣಿ ಹತ್ತಿ ಜೇಡರ ಬಲೆ ತೆಗೆಯುತ್ತಿದ್ದ ಭಾವನ ಮಗ ಅದನ್ನು ಮಾಡಿನ ಪಕ್ಕಾಸಿನ ಸಂದಿಯಲ್ಲಿ ಕಂಡ. ಗೋಡೆಗೆ ಸಿಕ್ಕಿಸಲೆಂದು ಬೆನ್ನಿನಲ್ಲಿ ಕೊಟ್ಟಿರುವ ತೂತಿಗೆ ಕೆಮ್ಮಣ್ಣು ಮೆತ್ತಿ ಒಪ್ಪವಾಗಿ ಕೋಣೆ ಎಬ್ಬಿಸಿದೆ. ಬಾಯಿ ಮುಚ್ಚುವುದೊಂದು ಬಾಕಿ.

"ಮಾವ, ಇದೇನು?"

"ಸ್ಪೀಕರ್" ಎಂದೆ.

"ಅದು ಗೊತ್ತಾಯಿತು. ಇಲ್ಲಿ ಏನು ಮಾಡುತ್ತಿದೆ?"

ಪ್ರಶ್ನೆ ಸಣ್ಣದೇ. ಆದರೆ ಕೇಳಿದವನು ಬೆಂಗಳೂರಿನಿಂದ ಎರಡು ದಿನದ ರಜೆಯಲ್ಲಿ ಕಾಸರಗೋಡಿನ ಬದಿಯಡ್ಕಕ್ಕೆ ಬಂದವನು. ಅಂಥವರಿಗೆ ನಮ್ಮ ಮನೆಯ ಯಾವ ವಸ್ತುವೂ ಸುಮ್ಮನೆ ಇರಬಾರದು. ಏಣಿಯ ಮೇಲಿಂದಲೇ ಉಪದೇಶ ಸುರುವಾಯಿತು. ಈಗ ಇಂಥದ್ದೆಲ್ಲ ಯಾರೂ ಇಡುವುದಿಲ್ಲವಂತೆ. ಟಿವಿಯ ಕೆಳಗೆ ಒಂದು ಸೌಂಡ್‌ಬಾರ್ ಇಟ್ಟರೆ ಸದ್ದು ಹಿಂದಿನ ಗೋಡೆಗೆ ತಾಗಿ ತಾನಾಗಿ ಹಿಂದಿನಿಂದ ಬರುತ್ತದಂತೆ. ಯಾವ ಗೋಡೆ? ನಮ್ಮ ಚಾವಡಿಗೆ ಹಿಂದೆ ಇರುವುದು ಸೊಂಟದೆತ್ತರದ ಅರ್ಧಗೋಡೆ. ಅದರಾಚೆ ಜಗಲಿ, ಅಂಗಳ, ತೋಟ. ಅಲ್ಲಿಂದ ಸದ್ದು ತಿರುಗಿ ಬರಬೇಕಾದರೆ ಪಕ್ಕದ ತೋಟದ ಮಂಗಗಳಿಗೆ ತಾಗಿಯೇ ಬರಬೇಕು.

ಈ ಸ್ಪೀಕರ್ ಸೇರಿದ್ದ ಸೆಟ್ಟಿನ ಆರು ಪೆಟ್ಟಿಗೆಗಳು ನನಗೆ ಬಹಳ ಮುಖ್ಯವಾದ ಒಂದು ಸಂಗತಿಯನ್ನು ಕಲಿಸಿವೆ. ಅವನಿಗೆ ಹೇಳಿದರೆ ಏಣಿ ಇಳಿಯುವಷ್ಟೂ ತಾಳ್ಮೆ ಇಲ್ಲ, ಹಾಗಾಗಿ ಬರೆದಿಡಲು ಕುಳಿತಿದ್ದೇನೆ. ಅದಕ್ಕೆ ಮೊದಲು ಪೆಟ್ಟಿಗೆಗಳು ಮನೆಗೆ ಬಂದ ಕಥೆಯನ್ನು ಸ್ವಲ್ಪದರಲ್ಲಿ ಮುಗಿಸುತ್ತೇನೆ.

ಅದು 2006. ಡಿವಿಡಿ ಪ್ಲೇಯರ್ ಮೊದಲೇ ಇತ್ತು. ಅದರ ಹಿಂದೆ ಆರು ತೂತುಗಳು ಸುಮ್ಮನೆ ಬಾಯಿ ತೆರೆದುಕೊಂಡಿರುವುದನ್ನು ಎರಡು ವರ್ಷ ನೋಡಿದ್ದೆ. ಅಡಿಕೆ ಕೊಟ್ಟ ದುಡ್ಡು ಕೈಯಲ್ಲಿದ್ದ ಒಂದು ದಿನ ಕಾಸರಗೋಡಿಗೆ ಹೋಗಿ, ಅಂಗಡಿಯಲ್ಲಿದ್ದ ಅತ್ಯಂತ ಅಗ್ಗದ ಸೆಟ್ ತೋರಿಸಲು ಹೇಳಿದೆ. ಪೆಟ್ಟಿಗೆಯ ಮೇಲೆ ಬೆಂಕಿ ಹತ್ತಿಕೊಂಡಂಥ ಅಕ್ಷರಗಳಲ್ಲಿ '5000 ವಾಟ್ಸ್ ಪಿಎಂಪಿಒ' ಎಂದಿತ್ತು.

ನಾನು ಕೃಷಿಕ. ವಾಟ್ಸನ್ನು ಎಚ್‌ಪಿಗೆ ತಿರುಗಿಸದೆ ನನಗೆ ತಿಳಿಯುವುದಿಲ್ಲ. ಒಂದು ಎಚ್‌ಪಿಗೆ 746 ವಾಟ್ಸ್. ತೋಟಕ್ಕೆಲ್ಲ ಸ್ಪ್ರಿಂಕ್ಲರ್ ಹಾರಿಸುವ ನಮ್ಮ ಪಂಪು ಐದು ಎಚ್‌ಪಿಯದು, ಅಂದರೆ 3730 ವಾಟ್ಸ್. ಕಂಕುಳಲ್ಲಿ ಹಿಡಿದು ಬಸ್ ಹತ್ತಬಹುದಾದ ಈ ಪೆಟ್ಟಿಗೆಗೆ ನಮ್ಮ ಪಂಪಿಗಿಂತ ಹೆಚ್ಚು ತಾಕತ್ತು! ಭಯಭಕ್ತಿಯಿಂದಲೇ ತಂದೆ. ಚೆರ್ಕಳದವರೆಗೂ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಮನೆಯಲ್ಲಿ ಬಿಚ್ಚಿ, ಯಂತ್ರದ ಬೆನ್ನಿನ ಚೀಟಿ ಓದಿದರೆ ಅದು ಎಳೆಯುವ ಕರೆಂಟು 60 ವಾಟ್ಸ್. 60 ತಿಂದು 5000 ಕೊಡುವ ಹಸುವನ್ನು ನಾನಂತೂ ಕಂಡಿಲ್ಲ. ಕೇಳಬೇಕಾದದ್ದು ಆರ್‌ಎಂಎಸ್ ಎಂಬ ಲೆಕ್ಕವಂತೆ. ಅದು ಎಡೆಬಿಡದೆ ಕೊಡಬಲ್ಲ ಶಕ್ತಿ. ಪಿಎಂಪಿಒ ಎಂದರೆ ಕ್ಷಣದ ಯಾವುದೋ ಚೂರಿನಲ್ಲಿ, ದೇವರು ದಯೆ ತೋರಿದರೆ, ಬಂದರೂ ಬರಬಹುದಾದದ್ದು. ಇದೇ ಲೆಕ್ಕ ಹಿಡಿದು ನಾನು ಒಂದು ಕಿಲೋ ಅಡಿಕೆಯನ್ನು 83 ಕಿಲೋ ಎಂದು ಮಾರಲು ಹೋದರೆ ನನ್ನನ್ನು ಅಂಗಡಿಯ ಮೆಟ್ಟಿಲಿನಿಂದ ಕೆಳಗಿಳಿಸುತ್ತಾರೆ. ಇಪ್ಪತ್ತು ವರ್ಷ ಆಗುತ್ತಾ ಬಂತು. ಈ ವಿಷಯದಲ್ಲಿ ನನ್ನ ಸಿಟ್ಟು ಆರ್‌ಎಂಎಸ್ ಲೆಕ್ಕದ್ದು, ಪಿಎಂಪಿಒ ಅಲ್ಲ.

ಮನೆಯಲ್ಲಿ ಮೊದಲ ಆಕ್ಷೇಪ ಬಂದದ್ದು ದೊಡ್ಡಪ್ಪನಿಂದ. "ಐದು ಎಂದರೆ ಐದು, ಆರು ಎಂದರೆ ಆರು. ಐದು ದಶಾಂಶ ಒಂದು ಎಂದರೇನು ಮಾರಾಯ?" ಐದು ಸಣ್ಣ ಪೆಟ್ಟಿಗೆಗಳಿಗೆ ಒಂದೊಂದು ಅಂಕ, ಆರನೆಯದು ಬರೇ ಢಂ ಎನ್ನುವ ಸದ್ದಿನದು, 120 ಹರ್ಟ್ಸ್‌ಗಿಂತ ಮೇಲಿನ ಸ್ವರ ಅದಕ್ಕೆ ಬರುವುದಿಲ್ಲ, ಅದಕ್ಕಾಗಿ ದಶಾಂಶ ಒಂದು ಎಂದೆ. ಅವರು ಆರನೆಯದರ ಗಾತ್ರ ನೋಡಿದರು. ಉಳಿದ ಐದನ್ನೂ ಅದರ ಹೊಟ್ಟೆಯೊಳಗೆ ಹಾಕಬಹುದಿತ್ತು. "ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಜಾಗ ಹಿಡಿದವನಿಗೆ ಎಲ್ಲರಿಗಿಂತ ಕಡಿಮೆ ಅಂಕ. ಇರಲಿ, ನ್ಯಾಯವೇ" ಎಂದರು. ಆಗ ಭಾವ ಕುಳಿತಿದ್ದ ಭಂಗಿಯನ್ನು ಸ್ವಲ್ಪ ಸರಿಪಡಿಸಿಕೊಂಡದ್ದು ನನಗೆ ನೆನಪಿದೆ.

ಭಾವ ಸಾಗರದ ಕಡೆಯವರು. ಆ ಸಲ ಎಂಟು ದಿನಕ್ಕೆಂದು ಬಂದಿದ್ದರು. ವಯರ್ ಎಳೆಯುವ ಕೆಲಸವನ್ನು ತಾವೇ ಮೈಮೇಲೆ ಹಾಕಿಕೊಂಡರು. ಪುಸ್ತಕದಲ್ಲಿದ್ದ ಚಿತ್ರದ ಪ್ರಕಾರ ಕುಳಿತವನ ಎದುರಿನ ಎರಡು ಸ್ಪೀಕರು 30 ಡಿಗ್ರಿಯಲ್ಲಿ, ಹಿಂದಿನ ಎರಡು 110 ಡಿಗ್ರಿಯಲ್ಲಿ ಇರಬೇಕು. ಬಲಗಡೆಯ 110 ಡಿಗ್ರಿಗೆ ನಮ್ಮಲ್ಲಿ ದೇವರ ಕೋಣೆಯ ಬಾಗಿಲು. ಅದರ ಮೇಲೆ ಮೊಳೆ ಹೊಡೆಯಲು ದೊಡ್ಡಮ್ಮ ಬಿಡಲಿಲ್ಲ. ಕಡೆಗೆ ಹಿಂದಿನ ಎರಡನ್ನೂ ಪಕ್ಕಾಸಿಗೆ ಕಟ್ಟಿ ನೇತಾಡಿಸಿದ್ದಾಯಿತು. ಢಂ ಎನ್ನುವುದನ್ನು ಎಲ್ಲಿಟ್ಟರೂ ನಡೆಯುತ್ತದೆ, ಅಷ್ಟು ತಗ್ಗಿನ ಸದ್ದು ಎಲ್ಲಿಂದ ಬಂತೆಂದು ಕಿವಿಗೆ ತಿಳಿಯುವುದೇ ಇಲ್ಲ ಎಂದು ಅದೇ ಪುಸ್ತಕದಲ್ಲಿತ್ತು. ಮಂಚದ ಕೆಳಗೆ ತಳ್ಳಿದೆವು. ಒಳಗಿನ ಟ್ರಾನ್ಸ್‌ಫಾರ್ಮರ್ ಬಿಸಿಯಾಗುವುದನ್ನು ಬೆಕ್ಕು ಅದೇ ಸಂಜೆ ಪತ್ತೆ ಮಾಡಿ ಅದರ ಮೇಲೆ ಕಾಯಂ ಆಯಿತು.

ಎಲ್ಲ ಮುಗಿಸಿ ಹಾಕಿದರೆ ಹಿಂದಿನ ಎರಡೂ ಮೂಕ. ಅಂಗಡಿಯ ಹುಡುಗನಿಗೆ ಫೋನು ಮಾಡಿದವರು ಭಾವ. ಹುಡುಗ ಮಲಯಾಳದಲ್ಲಿ ಏನೇನೋ ಹೇಳುತ್ತಿದ್ದ. ಭಾವ ಹೂಂ ಹೂಂ ಎಂದು ಕೇಳಿ ಫೋನಿಟ್ಟು, "ಪಿನ್ ಇಲ್ಲವಂತೆ" ಎಂದರು. ಯಾವ ಪಿನ್ ಎಂದು ಹುಡುಕಿದೆವು. ಥರ್ಮೋಕೋಲಿನ ಚೂರುಗಳನ್ನೆಲ್ಲ ಜಾಲಾಡಿದೆವು. ಭಾವ ಸೈಕಲ್ ತುಳಿದುಕೊಂಡು ಬದಿಯಡ್ಕ ಪೇಟೆಗೆ ಹೋಗಿ ನಾಲ್ಕು ಥರದ ಪಿನ್ ತಂದರು. ಯಾವುದೂ ಕೂಡಲಿಲ್ಲ. ಸಂಜೆ ನಾನೇ ಫೋನು ಮಾಡಿದಾಗ ತಿಳಿಯಿತು: ಹುಡುಗ ಕೇಳಿದ್ದು 'ಪಿನ್ನಿಲ್' ಇಟ್ಟ ಸ್ಪೀಕರುಗಳಿಗೆ ವಯರ್ ಸರಿಯಾಗಿ ಕೊಟ್ಟಿದ್ದೀರಾ ಎಂದು. ಪಿನ್ನಿಲ್ ಎಂದರೆ ಹಿಂದೆ. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದ್ದರಿಂದ ಆದ ತೊಂದರೆಗಳ ಪಟ್ಟಿ ಉದ್ದವಿದೆ. ಆದರೆ ಅದರಲ್ಲಿ ನಾಲ್ಕು ಥರದ ಪಿನ್ನುಗಳನ್ನು ಯಾರೂ ಸೇರಿಸಿರಲಾರರು. ಅವು ಈಗಲೂ ಟಿವಿ ಮೇಜಿನ ಡ್ರಾಯರಿನಲ್ಲಿವೆ.

ವಯರ್ ಸರಿಯಾಗಿಯೇ ಇತ್ತು. ನಾವು ಹಾಕಿದ್ದ ಡಿಸ್ಕ್ ಜಾತ್ರೆಯಲ್ಲಿ ಕೊಂಡ ಯಕ್ಷಗಾನದ್ದು. ಅದರಲ್ಲಿದ್ದುದೇ ಎಡ ಮತ್ತು ಬಲ, ಎರಡು ಚಾನೆಲ್. ಆರು ಪೆಟ್ಟಿಗೆ ಕಟ್ಟಿಕೊಂಡು ಕುಳಿತವನ ಮನೆಯಲ್ಲಿ ನೋಡಲು ಇದ್ದ ಹದಿನಾಲ್ಕು ಡಿಸ್ಕುಗಳಲ್ಲಿ ಹದಿಮೂರು ಇಂಥವೇ. ಪ್ಲೇಯರಿನ ಮೆನುವಿನಲ್ಲಿ ತಡಕಾಡಿದಾಗ 'ಪ್ರೊ ಲಾಜಿಕ್' ಎಂಬುದು ಸಿಕ್ಕಿತು. ಎರಡರಲ್ಲೂ ಒಂದೇ ಆಗಿರುವ ಸದ್ದನ್ನು ಅದು ನಡುವಿಗೆ ತಂದು, ಹೊಂದಿಕೆಯಾಗದೆ ಉಳಿದದ್ದನ್ನು ಹಿಂದಕ್ಕೆ ಅಟ್ಟುತ್ತದೆ.

ಇಷ್ಟರಲ್ಲಿ ಒಂದು ದೊಡ್ಡ ತೊಡಕನ್ನು ಹೇಳದೆ ಬಿಟ್ಟಿದ್ದೇನೆ. ಪುಸ್ತಕದ ಚಿತ್ರದಲ್ಲಿ ನಟ್ಟನಡುವೆ ಒಬ್ಬನೇ ಒಬ್ಬ ಕುಳಿತಿದ್ದ. ಈ ಸರೌಂಡ್, ಅಂದರೆ ಸುತ್ತಲಿಂದಲೂ ಬರುವ ಸದ್ದು, ಸರಿಯಾಗಿ ಸಿಗುವುದು ಅವನೊಬ್ಬನಿಗೆ. ಅಕ್ಕಪಕ್ಕ ಕುಳಿತವರಿಗೆ ಹತ್ತಿರದ ಪೆಟ್ಟಿಗೆಯ ಗಲಾಟೆ ಮಾತ್ರ. ಆ ಒಬ್ಬನಿಗೆ ಹೆಂಡತಿ ಇಲ್ಲವೆ, ಮಕ್ಕಳಿಲ್ಲವೆ, ಕೊಯ್ಲಿನ ಲೆಕ್ಕ ಹೇಳಲು ಬಂದು ಟಿವಿಯ ಎದುರು ನಿಂತುಬಿಡುವ ಆಳು ಇಲ್ಲವೆ ಎಂದು ಚಿತ್ರ ಬರೆದವರು ಯೋಚಿಸಿರಲಿಲ್ಲ. ನಮ್ಮ ಚಾವಡಿಯ ನಟ್ಟನಡುವೆ ಇದ್ದದ್ದು ದೊಡ್ಡಪ್ಪನ ಆರಾಮ ಕುರ್ಚಿ. ಅದನ್ನು ಸರಿಸುವ ಮಾತೇ ಇಲ್ಲ. ಬೆವರು ಸುರಿಸಿ ಕಟ್ಟಿದ ಇಡೀ ವ್ಯವಸ್ಥೆಯ ಫಲ ಅವರದ್ದು. ನಾವೆಲ್ಲ ಬದಿಯ ಬೆಂಚಿನವರು.

ದೊಡ್ಡಪ್ಪನಿಗೆ ಎಡಗಿವಿ ಸ್ವಲ್ಪವೂ ಕೇಳುತ್ತಿರಲಿಲ್ಲ.

ಟಿವಿಯ ಮಾತು ಕೇಳಲೆಂದು ಅವರು ಬಲಗಿವಿಯನ್ನು ಟಿವಿಯ ಕಡೆಗಿಟ್ಟು, ಅಂದರೆ ಕುರ್ಚಿಯನ್ನು ಪೂರ್ತಿ ಅಡ್ಡ ತಿರುಗಿಸಿ, ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಹೀಗೆ ಕುಳಿತರೆ ನಮ್ಮ ಹಿಂದಿನ ಎಡ ಅವರಿಗೆ ಮುಂದಿನ ಎಡವಾಯಿತು. ಮುಂದಿನ ಬಲ ಹಿಂದಿನ ಬಲವಾಯಿತು. ಭಾವ ಇದನ್ನು ಕಾಗದದ ಮೇಲೆ ಬರೆದು ನೋಡಿ, ಟಿವಿಯನ್ನು ಅಲ್ಲೇ ಬಿಟ್ಟು ಐದೂ ಸ್ಪೀಕರುಗಳನ್ನು ಒಂದು ಕಾಲುಸುತ್ತು ತಿರುಗಿಸಿ ಕಟ್ಟಿದರೆ ದೊಡ್ಡಪ್ಪನಿಗೆ ಎಲ್ಲ ಸರಿಯಾಗುತ್ತದೆ ಎಂದರು. ಹಾಗೆ ಕಟ್ಟಿದ್ದರೆ ಪಾತ್ರಧಾರಿ ಟಿವಿಯಲ್ಲಿ ಬಾಯಿ ತೆರೆದಾಗ ಮಾತು ಅಡಿಗೆಮನೆಯ ದಿಕ್ಕಿನಿಂದ ಬರುತ್ತಿತ್ತು. "ನನ್ನ ಒಂದು ಕಿವಿಗೆ ಐದು ಪೆಟ್ಟಿಗೆ ಏಕೆ? ಆಚೆ ಕಡೆಯದ್ದನ್ನು ಅಂಗಡಿಗೆ ಹಿಂದೆ ಕೊಟ್ಟು ಅರ್ಧ ದುಡ್ಡು ಕೇಳು" ಎಂದದ್ದು ದೊಡ್ಡಪ್ಪ. ಅಂಗಡಿಯವರಿಗೆ ಇದನ್ನು ಮಲಯಾಳದಲ್ಲಿ ಹೇಗೆ ವಿವರಿಸುವುದು ಎಂದು ನಾನು ಒಂದು ಕ್ಷಣ ಯೋಚಿಸಿದ್ದೂ ನಿಜ.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ ಎಂದು ಆಮೇಲೆ ಓದಿ ತಿಳಿದೆ. ನಮ್ಮ ಎರಡು ಕಿವಿಗಳ ನಡುವಿನ ಅಂತರ ಒಂದು ಗೇಣು. ಬದಿಯಿಂದ ಬಂದ ಸದ್ದು ಒಂದನ್ನು ಮುಟ್ಟಿ ಇನ್ನೊಂದನ್ನು ಮುಟ್ಟುವುದಕ್ಕೆ ಸೆಕೆಂಡಿನ ಸಾವಿರದ ಒಂದು ಪಾಲೂ ಬೇಡ. ಅಷ್ಟರಲ್ಲೇ ತಲೆ ದಿಕ್ಕನ್ನು ಹಿಡಿಯುತ್ತದೆ. ಒಂದೇ ಕಿವಿಯವನಿಗೆ ಎಲ್ಲ ಸದ್ದೂ ಹೆಚ್ಚುಕಡಿಮೆ ಒಂದೇ ಕಡೆಯದ್ದು.

ಆ ರಾತ್ರಿ ಕರ್ಣಾರ್ಜುನರ ಯುದ್ಧ. ಅಕ್ಕಪಕ್ಕದ ಮನೆಯವರೂ ಸೇರಿ ಹದಿನೈದು ಜನ. ದೊಡ್ಡಪ್ಪ ತಮ್ಮ ಕಾಲದಲ್ಲಿ ತಾಳಮದ್ದಳೆಯ ಅರ್ಥಧಾರಿ, ಶಲ್ಯನೆಂದರೆ ಅವರೇ ಆಗಬೇಕೆಂದು ಊರವರು ಹೇಳುತ್ತಿದ್ದರು. ಹಾಗಾಗಿ ಟಿವಿಯ ಶಲ್ಯ ಮಾತಾಡುವಾಗಲೆಲ್ಲ ಅವರ ತುಟಿಯೂ ಆಡುತ್ತಿತ್ತು. ಪ್ರೊ ಲಾಜಿಕ್ ಹಾಕಿದೆ. ಭಾಗವತರ ಹಾಡು ನಡುವಿನಲ್ಲಿ ನಿಂತಿತು. ಚೆಂಡೆ ಎರಡು ಬದಿಗೆ ಹರಡಿತು. ಹಂಚುಗಳು ನಡುಗಿ ರೀಪಿನ ಮೇಲಿನ ವರ್ಷಗಳ ಧೂಳು ನಮ್ಮ ತಲೆಗೆ ಉದುರಿತು. ಹಿಂದಿನ ಎರಡು ಪೆಟ್ಟಿಗೆಗಳಿಗೆ ಏನು ಸಿಕ್ಕಿತು? ಆಟ ನಡೆದ ಗದ್ದೆಯ ಪ್ರೇಕ್ಷಕರು. ಯಾರೋ ಮಗುವನ್ನು ಗದರುತ್ತಿದ್ದರು. ಯಾರೋ ಕಡಲೆ ಮಾರುತ್ತಿದ್ದರು. ನಾವು ಹಿಂತಿರುಗಿ ನೋಡುವಂತಾಯಿತು. ಸೈನ್ಯ, ಕುದುರೆ, ವಿಮಾನ ಬೆನ್ನ ಹಿಂದೆ ಹಾಯಲೆಂದು ತಂದ ಯಂತ್ರ. ನನಗೆ ಅದರಿಂದ ಬಂದ ಅತ್ಯುತ್ತಮ ಸದ್ದು ಎಲ್ಲೋ ಗದ್ದೆಯ ಕಡಲೆಯವನದ್ದು. ದುಡ್ಡು ದಂಡವಾಗಲಿಲ್ಲ ಎಂದು ಆಗ ಅನ್ನಿಸಿತ್ತು.

ರಥದ ಚಕ್ರ ಹೂಳುವ ಹೊತ್ತಿಗೆ ಪ್ರೇಕ್ಷಕರಲ್ಲಿ ಒಬ್ಬ ಕೆಮ್ಮಲು ಹಿಡಿದ. ಕರ್ಣ ಬೇಡಿಕೊಳ್ಳುತ್ತಿದ್ದಾನೆ, ಇವನು ಕೆಮ್ಮುತ್ತಿದ್ದಾನೆ. ಕೃಷ್ಣ ಉತ್ತರ ಹೇಳುತ್ತಿದ್ದಾನೆ, ಇವನದು ನಿಂತಿಲ್ಲ. ದೊಡ್ಡಪ್ಪನ ಮುಖದಲ್ಲಿ ಅಸಹನೆ ಏರುತ್ತಾ ಬಂತು. ಅವರಿಗೆ ದಿಕ್ಕಿನ ಪ್ರಶ್ನೆಯೇ ಇಲ್ಲ, ಕೆಮ್ಮು ಮನೆಯೊಳಗಿನದ್ದು. ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ, ಶಲ್ಯನ ಗಂಟಲಿನಲ್ಲಿ, "ಯಾರಿಗೋ ಕೆಮ್ಮು ಜೋರಾಗಿದೆ. ಕಾಳುಮೆಣಸಿನ ಕಷಾಯ ಮಾಡಿ ತನ್ನಿ" ಎಂದರು.

ದೊಡ್ಡಮ್ಮ ಪ್ರಶ್ನೆ ಕೇಳುವವರಲ್ಲ. ಕರ್ಣ ಬೀಳುವ ಮುಂಚೆ ಕಷಾಯದ ಲೋಟ ಬಂತು. ಕೆಮ್ಮಿದವನು ಯಾವುದೋ ಗದ್ದೆಯಲ್ಲಿ, ಯಾವುದೋ ವರ್ಷದಲ್ಲಿ ಕೆಮ್ಮಿದವನು ಎಂದು ದೊಡ್ಡಪ್ಪನಿಗೆ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಭಾವ ಲೋಟ ತೆಗೆದುಕೊಂಡು ಕುಡಿದರು. ಆಶ್ಚರ್ಯವೆಂದರೆ ಆ ಕ್ಷಣಕ್ಕೆ ಕೆಮ್ಮು ನಿಂತಿತು. "ನೋಡಿದೆಯಾ?" ಎಂದು ದೊಡ್ಡಪ್ಪ ನನ್ನ ಕಡೆ ತಿರುಗಿ, ಮತ್ತೆ ಓರೆಗಣ್ಣಿನಲ್ಲಿ ಯುದ್ಧ ನೋಡತೊಡಗಿದರು.

ಮರುವರ್ಷ ಹಿಂದಿನ ಎರಡರ ವಯರುಗಳನ್ನು ಇಲಿ ಕತ್ತರಿಸಿತು. ಅದರ ಮುಂದಿನ ವರ್ಷ ಉಳಿದದ್ದನ್ನು ಸಿಡಿಲು ನೋಡಿಕೊಂಡಿತು. ಪ್ಲಗ್ ಕಿತ್ತಿಡಲು ಮರೆತವನು ನಾನೇ. ಢಂ ಎನ್ನುವುದರ ಮೇಲೆ ಈಗ ಮಡಕೆ ಇಡುತ್ತೇವೆ. ದೊಡ್ಡಪ್ಪ ತೀರಿಕೊಂಡು ಆರು ವರ್ಷವಾಯಿತು.

ಮೊನ್ನೆ ಗುಡಿಸಿ ಮುಗಿದ ಮೇಲೆ ನೋಡುತ್ತೇನೆ, ಭಾವನ ಮಗ ಆರಾಮ ಕುರ್ಚಿಯನ್ನು ಟಿವಿಗೆ ನೇರವಾಗಿ ತಿರುಗಿಸಿಟ್ಟಿದ್ದಾನೆ. ಅಡ್ಡ ಇತ್ತು, ಸರಿಮಾಡಿದೆ ಎಂದ. ಕೇಳಿದವರಾರು? ಸೌಂಡ್‌ಬಾರ್ ಮಾತನ್ನಾದರೂ ಸಹಿಸಬಹುದು. ಕುರ್ಚಿಯನ್ನು ಮೊದಲಿದ್ದ ಹಾಗೆ ಎಳೆದಿಟ್ಟೆ. "ಹಾಗಿಟ್ಟರೆ ಕುಳಿತವರಿಗೆ ಟಿವಿ ಕಾಣುವುದಿಲ್ಲವಲ್ಲ" ಎಂದಳು ಹೆಂಡತಿ. ಕಾಣುವುದಿಲ್ಲ ಎಂದೆ.

ಆರು ಪೆಟ್ಟಿಗೆಗಳು ನನಗೆ ಕಲಿಸಿದ ಸಂಗತಿಯನ್ನು ಇನ್ನು ಹೇಳಬೇಕು. ಅದನ್ನೇ ಯೋಚಿಸುತ್ತಾ ಕುಳಿತಿದ್ದಾಗ ಏಣಿಯ ಮೇಲಿಂದ ಅವನ ಕೂಗು ಕೇಳಿತು. ಎಡ ಸ್ಪೀಕರಿಗೆ ಕಿವಿ ಹಚ್ಚಿ ನಿಂತಿದ್ದಾನೆ.

"ಮಾವ, ವಯರ್ ಇಲ್ಲದೆ ಇದರಲ್ಲಿ ಸದ್ದು ಬರುತ್ತಿದೆ!"

ನಾನೂ ಹತ್ತಿ ಕಿವಿಗೊಟ್ಟೆ. ಬರುತ್ತಿತ್ತು. ಬಾಸ್ ಸ್ವಲ್ಪ ಕಡಿಮೆ, ಅಷ್ಟೇ.