ಇಡ್ಲಿಗೆ ಬಟ್ಟೆ, ಸಾಂಬಾರಿಗೆ ಕವರು

2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹೋಟೆಲುಗಳ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಇಣುಕಿದ್ದು ನೆನಪಿರಬೇಕಲ್ಲ. 251 ಕಡೆ ನೋಡಿದ್ದರಲ್ಲಿ 52 ಕಡೆ ಬಟ್ಟೆ ಇರಬೇಕಾದ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ! ಆರೋಗ್ಯ ಸಚಿವರು ಬೆಚ್ಚಿದರು, ಟಿವಿಯವರು ಅವರಿಗಿಂತ ಜೋರಾಗಿ ಬೆಚ್ಚಿದರು. ಪ್ಲಾಸ್ಟಿಕ್ ಹಾಳೆ, ಕವರುಗಳಿಗೆ ಈ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಿದ್ದಿದೆ ಅನ್ನೋದು ಮಾತ್ರ ಆ ಗಲಾಟೆಯಲ್ಲಿ ಯಾರ ಬಾಯಿಗೂ ಬರಲಿಲ್ಲ. ಒಂಬತ್ತು ವರ್ಷದ ಹಿಂದೆ ಗಡಿಪಾರಾದ ಗಿರಾಕಿ ಹಿಟ್ಟಿನ ಕೆಳಗೆ ಬೆಚ್ಚಗೆ ಮಲಗಿದ್ದ.

ತಟ್ಟೆ ಇಡ್ಲಿಗೋಸ್ಕರವೇ ಹೈವೇಯಿಂದ ಕಾರು ತಿರುಗಿಸುವ, ತುಮಕೂರು ಪಕ್ಕದ ಕ್ಯಾತ್ಸಂದ್ರದ ಸೀಮೆ ನಮ್ಮದು. ಇಲ್ಲಿ ಜಾಗೃತಿಗೆ ಬರವಿಲ್ಲ. ಗಿರಾಕಿ ಕೌಂಟರಿಗೆ ಒರಗಿ ಪಾಟಿಸವಾಲು ಹಾಕುತ್ತಾನೆ: 'ಬಟ್ಟೆನೋ ಪ್ಲಾಸ್ಟಿಕ್ಕೋ, ನಿಜ ಹೇಳಪ್ಪ.' ಬಟ್ಟೆ ಅಂತ ಖಾತ್ರಿಯಾದ ಮೇಲೆ, 'ಹಂಗಾದ್ರೆ ನಾಲ್ಕು ಪ್ಲೇಟು ಪಾರ್ಸಲ್ ಕಟ್ಟು.' ಹಬೆಯಾಡುವ ಇಡ್ಲಿ ಮಿರಮಿರ ಮಿಂಚುವ ಪ್ಲಾಸ್ಟಿಕ್ ಲೇಪದ ಕಾಗದಕ್ಕೆ, ಕುದಿವ ಸಾಂಬಾರು ತೆಳು ಕವರಿಗೆ, ಕುತ್ತಿಗೆಗೆ ರಬ್ಬರ್ ಬ್ಯಾಂಡು. ಪಾತ್ರೆಯೊಳಗೆ ಪ್ಲಾಸ್ಟಿಕ್ ಹತ್ತು ನಿಮಿಷ ಇದ್ದರೆ ವಿಷ, ಸ್ಕೂಟರಿನ ಹ್ಯಾಂಡಲಿನಲ್ಲಿ ಅರ್ಧ ಗಂಟೆ ತೂಗಾಡಿದರೆ ಪ್ರಸಾದ. ಅದರ ಮೇಲೊಂದು ಟೀ, ಪೇಪರ್ ಕಪ್ಪಿನಲ್ಲಿ. ಕಾಗದ ನೆನೆಯದಿರಲೆಂದು ಆ ಕಪ್ಪಿನೊಳಗೂ ಪ್ಲಾಸ್ಟಿಕ್ ಪೊರೆಯೇ ಇದೆ. ಬಿಸಿ ನೀರು ಹಾಕಿ 15 ನಿಮಿಷ ಬಿಟ್ಟರೆ 100 ಮಿಲಿಗೆ ಸುಮಾರು 25,000 ಸೂಕ್ಷ್ಮ ಕಣ ಬಿಡುತ್ತದೆಂದು ಖರಗ್‌ಪುರದ ಐಐಟಿಯವರು 2020ರಲ್ಲೇ ಎಣಿಸಿಟ್ಟಿದ್ದಾರೆ.

ಪ್ಲಾಸ್ಟಿಕ್ಕಿಗೆ ಹೋಟೆಲಿನವರು ಯಾಕೆ ಮರುಳಾದರು ಅಂತ ಕೇಳಿದವರು ಕಡಿಮೆ. ಬಟ್ಟೆ ಅಂದರೆ ಬರೀ ಬಟ್ಟೆಯಲ್ಲ, ಕೆಲಸ. ಹೊಸ ಮಲ್ ಬಟ್ಟೆ ತಂದರೆ ಮೊದಲು ಕುದಿಸಿ ಗಂಜಿ ಬಿಡಿಸಬೇಕು. ದಿನಾ ಒದ್ದೆ ಮಾಡಿ, ಹಿಂಡಿ, ಸುಕ್ಕಿಲ್ಲದಂತೆ ಹಾಸಿ ಹಿಟ್ಟು ಹುಯ್ಯಬೇಕು. ಒಣಬಟ್ಟೆಗೆ ಹುಯ್ದರೆ ಇಡ್ಲಿಯ ಅರ್ಧ ಮೈ ಬಟ್ಟೆಗೇ. ಬೆಂದ ಮೇಲೆ ಬೋರಲು ಹಾಕಿ, ಬಟ್ಟೆಯ ಬೆನ್ನಿಗೆ ತಣ್ಣೀರು ಚಿಮುಕಿಸಿ ಎಳೆಯಬೇಕು. ಆಮೇಲಿರುವುದು ಅಸಲಿ ಪಾಡು: ನೇಯ್ಗೆಯೊಳಗೆ ಸಿಕ್ಕಿಕೊಂಡ ಹಿಟ್ಟು. ಹಂಗೇ ಬಿಟ್ಟರೆ ಮಧ್ಯಾಹ್ನದೊಳಗೆ ಹುಳಿ ನಾತ. ಸೋಪು ಹೆಚ್ಚಾದರೆ ಮಾರನೇ ದಿನದ ಇಡ್ಲಿಗೆ ಲಾಂಡ್ರಿ ರುಚಿ. ಕುದಿಸಿ, ಜಾಲಿಸಿ, ಬಿಸಿಲಿಗೆ ಹಾಕಬೇಕು. ಹಾಳೆಗಾದರೆ ಇದ್ಯಾವುದೂ ಬೇಡ, ಎಳೆದು ಬಿಸಾಡು. ಹಬೆಯ 100 ಡಿಗ್ರಿಗೆ ತೆಳು ಪಾಲಿಥಿನ್ ಮೆತ್ತಗಾಗುತ್ತದೆ, ಅದು ಯಾವ ಗುಜರಿಯಿಂದ ಮರುಹುಟ್ಟು ಪಡೆದು ಬಂದ ಹಾಳೆಯೋ, ಬಣ್ಣಕ್ಕೆ ಏನು ಬೆರೆಸಿದ್ದಾರೋ ಎಂಬ ಚಿಂತೆ ತಿನ್ನುವವನಿಗೆ, ತೊಳೆಯುವವರಿಗಲ್ಲ.

ಮನೆಯ ಅಡುಗೆಮನೆಗಳ ಜಾಗೃತಿ ಇನ್ನೊಂದು ತೂಕದ್ದು. ಪಾತ್ರೆ ಅಂಗಡಿಗೆ ಈಗ ಆಯಸ್ಕಾಂತ ಜೇಬಲ್ಲಿಟ್ಟುಕೊಂಡು ಹೋಗುತ್ತಾರೆ. ಅಂಟಿದರೆ ಕಳಪೆ, ಅಂಟದಿದ್ದರೆ ಒಳ್ಳೆ ಸ್ಟೀಲು. ಪಾಪ, 304 ಅನ್ನೋ ಒಳ್ಳೆ ದರ್ಜೆಯ ಸ್ಟೀಲಿಗೂ ಅಂಟಲ್ಲ, ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುರುಕಿದ 202 ಅನ್ನೋ ಅಗ್ಗದ ದರ್ಜೆಗೂ ಅಂಟಲ್ಲ. ತಮಾಷೆ ಅಂದರೆ, ಒತ್ತಿ ಎಳೆದು ಮಾಡಿದ ಅಸಲಿ 304 ಪಾತ್ರೆಯ ಅಂಚಿಗೆ ಕೆಲವೊಮ್ಮೆ ಚೂರು ಅಂಟುತ್ತದೆ. ಅದನ್ನು ವಾಪಸ್ ಇಟ್ಟು, 202 ಹೊತ್ತುಕೊಂಡು ಗೆದ್ದ ಮುಖದಲ್ಲಿ ಬರುತ್ತಾರೆ. ಸ್ಟೀಲು, ಅಲ್ಯೂಮಿನಿಯಂ ಪಾತ್ರೆಗೆ ಐಎಸ್‌ಐ ಗುರುತು ಕಡ್ಡಾಯವೆಂದು 2024ರ ಮಾರ್ಚಿನಲ್ಲೇ ಆದೇಶ ಬಂದಿದೆ. ಆ ಗುರುತು ತಿರುಗಿಸಿ ನೋಡಲು ಆಯಸ್ಕಾಂತ ಬೇಡ, ಕಣ್ಣು ಸಾಕು. ನಾನ್‌ಸ್ಟಿಕ್ ಹೆಂಚಿನ ಮೇಲೆ 'ಪಿಎಫ್‌ಒಎ ಇಲ್ಲ' ಅಂತ ಬರೆದಿದ್ದರೆ ಇನ್ನೂ ಖುಷಿ. ಅದು ಲೇಪ ತಯಾರಿಸುವಾಗ ಬಳಸುತ್ತಿದ್ದ ರಾಸಾಯನಿಕ, ಅಷ್ಟೇ. ಮೇಲಿನ ಲೇಪ ಟೆಫ್ಲಾನೇ, 260 ಡಿಗ್ರಿ ದಾಟಿದರೆ ಅದು ಕೆಡಲು ಶುರು. ದೊಡ್ಡ ಉರಿಯಲ್ಲಿ ಖಾಲಿ ಹೆಂಚು ಅಷ್ಟು ಕಾಯಲು ಕೆಲವೇ ನಿಮಿಷ. ಅಜ್ಜಿಯ ಕಬ್ಬಿಣದ ಕಾವಲಿ ಅಟ್ಟದಲ್ಲಿ ತುಕ್ಕು ಹಿಡಿದಿದೆ, ಹಿತ್ತಾಳೆ ತಪ್ಪಲೆ ಶೋಕೇಸಿನಲ್ಲಿದೆ. ಹಬ್ಬಕ್ಕೆ ಅದನ್ನು ಇಳಿಸಿ, ಕಲಾಯಿ ಹೋಗಿದೆಯೋ ಇದೆಯೋ ನೋಡದೆ, ಕೋಲಾರದ ಟೊಮೇಟೊಗೆ ಹುಣಸೆ ಕಿವುಚಿ ಸಾರು ಕುದಿಸಿ 'ಸಂಪ್ರದಾಯ' ಅಂತ ಫೋಟೊ. ಹುಳಿ ತಾಮ್ರವನ್ನು ಕರಗಿಸಿಕೊಳ್ಳುತ್ತದೆ, ಲೈಕುಗಳು ಬರುತ್ತವೆ.

ನಗು ಸಾಕು. ಹಾಳೆ ಹಿಡಿದ ಫೋಟೊ ಬಂತು, ಹಾಳೆ ಮಾಡುವ ಕಾರ್ಖಾನೆಯ ಫೋಟೊ ಬರಲಿಲ್ಲ. ನಿಷೇಧವಾದ ಸರಕು ಕೇಜಿಗಟ್ಟಲೆ ಸಂತೆಯಲ್ಲಿ ಸಿಗುತ್ತಲೇ ಇದೆ, ದಂಡ ಗಾಡಿ ಹೋಟೆಲಿನವನಿಗೆ. ಬಟ್ಟೆ ಹಾಕು ಅಂತ ಆದೇಶ ಮಾಡುವುದು ಸುಲಭ. ಬೆಳಗಿನ ಜಾವ ನಾಲ್ಕಕ್ಕೆ ಹಿಂದಿನ ಬಾಗಿಲಲ್ಲಿ ಕೂತು ಆ ಬಟ್ಟೆ ಉಜ್ಜುವ ಹೆಂಗಸಿನ ಕೂಲಿಗೆ, ಎರಡು ಕೊಡ ಹೆಚ್ಚು ನೀರಿಗೆ ಯಾವ ಆದೇಶವೂ ಇಲ್ಲ. ಹತ್ತು ವರ್ಷದಿಂದ ಇದೇ ಆಟ.

ಅಂದಹಾಗೆ ತಟ್ಟೆ ಇಡ್ಲಿಗೆ ಬಟ್ಟೆಯೂ ಬೇಕೇ ಬೇಕು ಅಂತಿಲ್ಲ. ತಟ್ಟೆಗೆ ಎಣ್ಣೆ ಸವರಿ ಹಿಟ್ಟು ಹುಯ್ದು, ಬೆಂದ ಮೇಲೆ ಎರಡು ಮೂರು ನಿಮಿಷ ಆರಲು ಬಿಟ್ಟು, ನೀರಲ್ಲಿ ಅದ್ದಿದ ಚಮಚದಿಂದ ಅಂಚು ಬಿಡಿಸಿದರೆ ತಾನಾಗಿ ಏಳುತ್ತದೆ. ಆದರೆ ಎರಡು ನಿಮಿಷ ಯಾರು ಕಾಯ್ತಾರೆ ಸ್ವಾಮಿ, ಹೊರಗೆ ಕಾರು ಆಫೇ ಮಾಡಿಲ್ಲ.