ಶೇಕಡಾ ಸೊನ್ನೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನಮ್ಮ ಟೆಸ್ಟ್ ಎನ್ವಿರಾನ್‌ಮೆಂಟ್, ಅಂದರೆ ತಂತ್ರಾಂಶವನ್ನು ಪರೀಕ್ಷೆಗೆಂದೇ ಓಡಿಸುವ ವ್ಯವಸ್ಥೆ, ನೆಲೆಸಿದೆ. ಲಾಗಿನ್, ಆರ್ಡರ್, ಬಿಲ್ಲಿಂಗ್, ಗೋದಾಮು, ಎಸ್ಸೆಮ್ಮೆಸ್ ಎಂಬ ಕಾಂಪೊನೆಂಟುಗಳು ಅಲ್ಲಿ ಒಂದರ ಮುಖವನ್ನೊಂದು ನೋಡದೆ ಹಗಲಿರುಳು ಓಡುತ್ತಿರುತ್ತವೆ. ಟೆಸ್ಟಿಂಗ್‌ನವರು ದಿನವಿಡೀ ಗುಂಡಿ ಒತ್ತಿ ಪರೀಕ್ಷಿಸುವಾಗ ಈ ಕೋಡಿನ ಎಷ್ಟು ಸಾಲುಗಳು ನಿಜಕ್ಕೂ ಓಡುತ್ತವೆ ಎಂಬ ಪ್ರಶ್ನೆ ದಸರೆಗೆ ಸ್ವಲ್ಪ ಮುಂಚೆ ಮೇಲಿನವರಿಗೆ ಇದ್ದಕ್ಕಿದ್ದಂತೆ ಹೊಳೆಯಿತು. ಪ್ರತಿಯೊಂದು ಕಾಂಪೊನೆಂಟಿಗೂ, ಓಡಿದ ಸಾಲುಗಳ ಲೆಕ್ಕವಿಡುವ ಕವರೇಜ್ ಏಜೆಂಟ್ ಜೋಡಿಸಿ ಎಂಬ ಅಪ್ಪಣೆಯಾಯಿತು. ಜೊತೆಗೆ, "ಒಂದು ಸಾಲು ಸೇರಿಸಿದರೆ ಆಯಿತಲ್ಲ" ಎಂಬ ಅಭಯವನ್ನೂ ಕೊಟ್ಟರು. ನಮ್ಮ ವೃತ್ತಿಯಲ್ಲಿ ಇದಕ್ಕಿಂತ ಅಪಾಯಕಾರಿಯಾದ ಮಾತನ್ನು ನಾನು ಕೇಳಿಲ್ಲ.

ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಕಾಂಪೊನೆಂಟುಗಳನ್ನು ಬರೆದಿದ್ದ ಜಾವಾ ಭಾಷೆಯಲ್ಲಿ, 2004ರಲ್ಲಿ ಬಂದ ಜಾವಾ 5ರಿಂದಲೂ ಪ್ರೋಗ್ರಾಂ ಶುರುವಾಗುವ ಮೊದಲೇ ಏಜೆಂಟನ್ನು ಒಳಗೆ ಬಿಟ್ಟುಕೊಳ್ಳುವ ಸೌಲಭ್ಯವಿದೆ. ಅದಕ್ಕೆ ಬೇಕಾದದ್ದು ನಿಜವಾಗಿಯೂ ಒಂದೇ ಸಾಲು. ನಾವು ಬಳಸಿದ ಜಾಕೊಕೊ ಎಂಬ ಉಚಿತ ಸಾಧನದ ಏಜೆಂಟು, ಕ್ಲಾಸ್ ಎಂಬ ಕೋಡಿನ ಪ್ರತಿಯೊಂದು ತುಣುಕೂ ಲೋಡಾಗುವಾಗ ಅದರೊಳಗೆ ಅಲ್ಲಲ್ಲಿ ಸಣ್ಣ ಗುರುತುಗಳನ್ನು ನೆಟ್ಟು ಬರುತ್ತದೆ. ನಮ್ಮ ಬಡಾವಣೆಯಲ್ಲಿ ರಾತ್ರಿ ಗಸ್ತಿನ ಪೊಲೀಸರು ಸಹಿ ಹಾಕಿ ಹೋಗಲೆಂದು ಗೇಟಿಗೆ ನೇತುಹಾಕುತ್ತಿದ್ದ ಬೀಟ್ ಪುಸ್ತಕದ ಹಾಗೆಯೇ ಇದೂ: ಬಂದು ಹೋದದ್ದಕ್ಕೆ ದಾಖಲೆ ಸಿಗುತ್ತದೆ, ಕಳ್ಳ ಸಿಕ್ಕನೇ ಎಂಬುದಕ್ಕಲ್ಲ. ಬಿಲ್ಲಿನ ಮೊತ್ತ ತಪ್ಪಾಗಿ ಬಂದರೂ ಲೆಕ್ಕ ಹಾಕಿದ ಸಾಲು ಓಡಿದ್ದರೆ ಸಾಕು, ವರದಿಯಲ್ಲಿ ಅದಕ್ಕೆ ಹಸಿರು ಬಣ್ಣ. ಈ ಸೂಕ್ಷ್ಮವನ್ನು ಮೇಲಿನವರಿಗೆ ವಿವರಿಸುವ ಗೋಜಿಗೆ ನಮ್ಮಲ್ಲಿ ಯಾರೂ ಹೋಗಲಿಲ್ಲ.

ಮೊದಲ ವರದಿಯಲ್ಲಿ ಗೋದಾಮಿನ ಮುಂದೆ ಶೇಕಡಾ ಸೊನ್ನೆ ಎಂದು ನಮೂದಾಗಿತ್ತು. ಮಂಡ್ಯದಿಂದ ದಿನಾ ರೈಲಿನಲ್ಲಿ ಬಂದು ಹೋಗುವ ಸಹೋದ್ಯೋಗಿ ಪರದೆಯನ್ನು ದಿಟ್ಟಿಸಿ, "ಬೆಳಗ್ಗಿಂದ ಅದ್ರಲ್ಲೇ ಸಾಯ್ತಾ ಇವ್ನಿ, ಇದ್ಯಾಕ್ಲಾ ಸೊನ್ನೆ ತೋರುಸ್ತಾದೆ?" ಎಂದು ನ್ಯಾಯವಾದ ಪ್ರಶ್ನೆಯನ್ನೇ ಕೇಳಿದರು. ಗೋದಾಮನ್ನು ಶುರು ಮಾಡುವ ಸ್ಕ್ರಿಪ್ಟ್ ತೆರೆದು ನೋಡಿದರೆ ಏಜೆಂಟಿನ ಸಾಲು, ಪ್ರೋಗ್ರಾಮನ್ನು ತುಂಬಿಟ್ಟ ಜಾರ್ ಫೈಲಿನ ಹೆಸರಿಗಿಂತ ಮುಂಚೆ ಬರುವ ಬದಲು ಅದರ ನಂತರ ಬಂದಿತ್ತು. ಜಾರ್ ಹೆಸರಿನ ಆಚೆಗೆ ಏನೇ ಬರೆದರೂ ಅದು ಪ್ರೋಗ್ರಾಮಿಗೆ ಹೇಳಿದ ಮಾತೆಂದು ಜಾವಾ ತಿಳಿಯುತ್ತದೆ. ನಮ್ಮ ಗೋದಾಮು ಆ ಮಾತನ್ನು ವಿನಯದಿಂದ ಸ್ವೀಕರಿಸಿ, ಏನೂ ಅರ್ಥವಾಗದೆ ಬದಿಗಿಟ್ಟು, ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ತಪ್ಪೆಂದು ಕಿರುಚುವ ಸಾಫ್ಟ್‌ವೇರಿನೊಡನೆ ಹೇಗೋ ಏಗಬಹುದು. ಮರ್ಯಾದಸ್ಥ ಸಾಫ್ಟ್‌ವೇರಿನೊಡನೆ ಏಗುವುದು ಬಹಳ ಕಷ್ಟ.

ಇಂಥ ಎಡವಟ್ಟು ಮತ್ತೆ ಆಗಬಾರದೆಂದು ತಂಡದ ಉತ್ಸಾಹಿ ತರುಣನೊಬ್ಬ ಒಂದೊಂದು ಸ್ಕ್ರಿಪ್ಟನ್ನೂ ತಿದ್ದುವ ರಗಳೆಯೇ ಬೇಡವೆಂದು, ಜಾವಾ ಶುರುವಾಗುವಾಗಲೆಲ್ಲ ತಾನಾಗಿ ಓದಿಕೊಳ್ಳುವ ಜಾವಾ ಟೂಲ್ ಆಪ್ಷನ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲಿನಲ್ಲಿ ಇಡೀ ಸರ್ವರಿಗೇ ಏಜೆಂಟನ್ನು ಕೂರಿಸಿಬಿಟ್ಟ. ಅಂದಿನಿಂದ ಆ ಯಂತ್ರದಲ್ಲಿ ಜಾವಾ ಎಂಬ ಹೆಸರಿನಲ್ಲಿ ಏನು ಉಸಿರಾಡಿದರೂ ಅದರ ಬೆನ್ನಿಗೊಬ್ಬ ಏಜೆಂಟ್. ಕೇಳಿದವರಿಗೆ ನೆಟ್‌ವರ್ಕಿನ ಮೂಲಕ ಲೆಕ್ಕ ಒಪ್ಪಿಸುವ ಟಿಸಿಪಿ ಸರ್ವರ್ ವಿಧಾನದಲ್ಲಿ ಕೂತ ಜಾಕೊಕೊ ಏಜೆಂಟು ಬೇರೆ ಹೇಳದಿದ್ದರೆ 6300 ಎಂಬ ಪೋರ್ಟನ್ನೇ, ಅಂದರೆ ಒಂದು ಹೊತ್ತಿಗೆ ಒಬ್ಬರಿಗಷ್ಟೇ ಸಿಗುವ ಬಾಗಿಲನ್ನೇ, ಹಿಡಿಯುತ್ತದೆಯಾದ್ದರಿಂದ, ಮೊದಲು ಎದ್ದ ಲಾಗಿನ್ ಅದನ್ನು ಹಿಡಿದು ಕೂತಿತು. ಹಿಂದೆ ಬಂದ ಆರ್ಡರ್, ಬಿಲ್ಲಿಂಗ್ ಮೊದಲಾದವು ಪೋರ್ಟ್ ಬಳಕೆಯಲ್ಲಿದೆ ಎಂದು ಗೋಳಾಡಿ ಹುಟ್ಟುವ ಮೊದಲೇ ಕಣ್ಣು ಮುಚ್ಚಿದವು. ಸಾಲದ್ದಕ್ಕೆ, ಈ ವೇರಿಯಬಲ್ ಇದ್ದಾಗ ಜಾವಾ ಪ್ರತಿ ಬಾರಿಯೂ "ಇದನ್ನು ಎತ್ತಿಕೊಂಡಿದ್ದೇನೆ" ಎಂದು ಒಂದು ಸಾಲನ್ನು ಮೊದಲಿಗೆ ಉದುರಿಸುತ್ತದೆ. ಎಸ್ಸೆಮ್ಮೆಸ್ ಕಾಂಪೊನೆಂಟಿನ ಸ್ಕ್ರಿಪ್ಟೋ, ಜಾವಾದ ಆವೃತ್ತಿ ಯಾವುದೆಂದು ಕೇಳಿ, ಉತ್ತರದ ಮೊದಲ ಸಾಲನ್ನಷ್ಟೇ ಓದುವ ಜಾಯಮಾನದ್ದು. ಅಲ್ಲಿ ಅಂಕಿಯೇ ಕಾಣದಿದ್ದಾಗ, ಈ ಯಂತ್ರದ ಜಾವಾ ತೀರಾ ಹಳೆಯದೆಂದು ತೀರ್ಮಾನಿಸಿ ಕೆಲಸ ಮಾಡಲು ಒಪ್ಪಲಿಲ್ಲ. ಹೊಸ ಜಾವಾ ಹಾಕಿಸಿಕೊಡಿ ಎಂದು ಕೋರಿಕೆಯನ್ನು ಬರೆದು, ಅದಕ್ಕೆ ಮೂರು ಮಂದಿಯ ಒಪ್ಪಿಗೆಯನ್ನೂ ಪಡೆದ ಮೇಲೆಯೇ ನಿಜ ಸಂಗತಿ ಬಯಲಾದದ್ದು.

ಟಾಮ್‌ಕ್ಯಾಟ್ ಎಂಬ ಜಾವಾ ಸರ್ವರಿನ ಮೇಲೆ ಓಡುವ ಬಿಲ್ಲಿಂಗ್‌ನದು ಇನ್ನೊಂದು ಪರಿ. ಅದನ್ನು ಎಬ್ಬಿಸಬಹುದಾಗಿತ್ತು, ಮಲಗಿಸಲಾಗುತ್ತಿರಲಿಲ್ಲ. ಏಜೆಂಟಿನ ಸಾಲನ್ನು ಜಾವಾ ಆಪ್ಟ್ಸ್ ಎಂಬ ವೇರಿಯಬಲ್ಲಿನಲ್ಲಿ ಇಟ್ಟರೆ ಟಾಮ್‌ಕ್ಯಾಟ್ ಅದನ್ನು ಶುರು ಮಾಡುವಾಗ ಮಾತ್ರವಲ್ಲ, ನಿಲ್ಲಿಸುವ ಆದೇಶಕ್ಕೂ ತಗುಲಿಸುತ್ತದೆ. ಶುರುವಿಗೆ ಮಾತ್ರ ಬೇಕಿದ್ದರೆ ಕ್ಯಾಟಲಿನಾ ಆಪ್ಟ್ಸ್‌ನಲ್ಲಿ ಇಡಬೇಕು. ನಮ್ಮವರು ಇಟ್ಟದ್ದು ಮೊದಲಿನದರಲ್ಲಿ. ಹಾಗಾಗಿ ನಿಲ್ಲು ಎಂದು ಹೇಳಲು ಹೋದ ಆದೇಶವೂ ತನ್ನದೇ ಏಜೆಂಟನ್ನು ಕಟ್ಟಿಕೊಂಡು ಹೋಗಿ, ಓಡುತ್ತಿರುವವನು ಹಿಡಿದ ಪೋರ್ಟಿಗೇ ಕೈಹಾಕಿ, ಬಾಗಿಲಲ್ಲೇ ಪ್ರಾಣ ಬಿಡುತ್ತಿತ್ತು. ತಾಳ್ಮೆಗೆಟ್ಟ ಯಾರೋ ಪ್ರೋಗ್ರಾಮನ್ನು ನಿಂತಲ್ಲೇ ಕೊಲ್ಲುವ ಕಿಲ್ ಮೈನಸ್ ಒಂಬತ್ತು ಎಂಬ ಆದೇಶವನ್ನು ಪ್ರಯೋಗಿಸಿದರು. ಟಿಸಿಪಿ ಸರ್ವರ್ ವಿಧಾನದಲ್ಲಿ ಯಾರಾದರೂ ಕೇಳಿ ತರಿಸಿಕೊಳ್ಳುವವರೆಗೆ ಏಜೆಂಟಿನ ಲೆಕ್ಕ ಪ್ರೋಗ್ರಾಮಿನ ನೆನಪಿನಲ್ಲೇ ಇರುವುದು. ಮೈನಸ್ ಒಂಬತ್ತು ಅದಕ್ಕೆ ಕ್ಷಣದ ಬಿಡುವನ್ನೂ ಕೊಡುವುದಿಲ್ಲ. ನಡುವೆ ಯಾರೂ ಲೆಕ್ಕ ತರಿಸಿಕೊಂಡಿರಲಿಲ್ಲವಾದ್ದರಿಂದ ಬೆಳಗಿನಿಂದ ಒತ್ತಿದ ಗುಂಡಿಗಳೆಲ್ಲ ನೀರಿನಲ್ಲಿ ಹೋಮವಾದವು. ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟ ಮಧ್ಯಾಹ್ನವೂ ಆದದ್ದು ಇದೇ, ಅಂದು ಬೈಯಲು ಯಾರೂ ಸಿಗಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಪೋರ್ಟುಗಳನ್ನು ಹಂಚಿ, ಏಜೆಂಟರನ್ನೆಲ್ಲ ಸಾಲಾಗಿ ಕೂರಿಸಿದ ಮೇಲೂ ಬಿಲ್ಲಿಂಗ್ ಸೊನ್ನೆಯಲ್ಲೇ ಕುಳಿತಿತ್ತು. ಜಾಕೊಕೊ ಕ್ಲಾಸುಗಳನ್ನು ಹೆಸರಿನಿಂದಷ್ಟೇ ಗುರುತಿಸುವುದಿಲ್ಲ. ಕ್ಲಾಸ್ ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ ಒಂದು ಸಂಖ್ಯೆ ಎರಡೂ ಕಡೆ ತಾಳೆಯಾಗಬೇಕು. ಸರ್ವರಿನಲ್ಲಿ ಓಡಿದ್ದು ನಿನ್ನೆ ಸಂಜೆ ಕೋಡಿನಿಂದ ತಯಾರಿಸಿದ ಬಿಲ್ಡ್, ವರದಿ ತಯಾರಿಸಲು ಕೊಟ್ಟದ್ದು ಈ ಬೆಳಗ್ಗೆ ಒಬ್ಬರು ತಮ್ಮ ಲ್ಯಾಪ್‌ಟಾಪಿನಲ್ಲಿ ಬೇರೆ ಕಂಪೈಲರಿನಿಂದ ಮಾಡಿಕೊಂಡದ್ದು. "ಕೋಡು ಅದೇ ಅಲ್ಲವೇ, ಒಂದಕ್ಷರ ಬದಲಾಗಿಲ್ಲ" ಎಂದು ಅವರು ಚಾಮುಂಡಿಯ ಮೇಲೆ ಆಣೆ ಇಟ್ಟರು. ಜಾಕೊಕೊ ಆಣೆಯನ್ನು ನಂಬುವುದಿಲ್ಲ.

ಅತ್ತ ಲಾಗಿನ್ ಪರೀಕ್ಷಿಸಬೇಕಾದವರು ಊರಹಬ್ಬಕ್ಕೆ ರಜೆ ಹಾಕಿ ಹೋಗಿದ್ದರೂ, ಅದರ ಕವರೇಜು ಬೇರೆಲ್ಲ ಕಾಂಪೊನೆಂಟುಗಳಿಗಿಂತ ಚೆನ್ನಾಗಿತ್ತು. ಶುರುವಾಗುವಾಗಲೇ ಒಂದಷ್ಟು ಕೋಡು ತಾನಾಗಿ ಓಡಿರುತ್ತದೆ. ಮೇಲೆ, ಮಾನಿಟರಿಂಗ್ ವ್ಯವಸ್ಥೆ ಬದುಕಿದ್ದೀಯಾ ಎಂದು ಅದನ್ನು ಪದೇಪದೇ ವಿಚಾರಿಸುತ್ತಿತ್ತು. ಅವರ ಶ್ರದ್ಧೆಗೆ ವಾರದ ಮೀಟಿಂಗಿನಲ್ಲಿ ಚಪ್ಪಾಳೆ ಬಿತ್ತು.

ಈಗ ಆರ್ಡರ್ ಕಾಂಪೊನೆಂಟನ್ನು ಗೋ ಭಾಷೆಯಲ್ಲಿ ಹೊಸದಾಗಿ ಬರೆದಿದ್ದಾರೆ. ಅದಕ್ಕೆ ಹೊರಗಿನಿಂದ ಏಜೆಂಟನ್ನು ಅಂಟಿಸುವ ಏರ್ಪಾಡಿಲ್ಲ, ಗೋ 1.20ರಿಂದ ಇರುವ ಸೌಲಭ್ಯದಂತೆ ಬಿಲ್ಡ್ ಮಾಡುವಾಗಲೇ ಕವರೇಜ್ ಬೇಕೆಂದು ಹೇಳಿ, ಲೆಕ್ಕ ಬರೆಯಲು ಒಂದು ಫೋಲ್ಡರ್ ತೋರಿಸಬೇಕು. ತೋರಿಸದಿದ್ದರೆ ಅದು ಎಚ್ಚರಿಕೆಯನ್ನಾದರೂ ಕೊಡುತ್ತದೆ, ಆ ಮಟ್ಟಿಗೆ ಗೋದಾಮಿಗಿಂತ ವಾಸಿ. ಫೋಲ್ಡರ್ ತಯಾರಾಗಿದೆ. ಅದರಲ್ಲಿ ಬರೆಯಲು ಅನುಮತಿ ಕೊಡಬೇಕಾದ ಸರ್ವರ್ ನಿರ್ವಾಹಕರು ಮಾತ್ರ, ಇದೂ ಒಂದು ಸಾಲಿನ ಕೆಲಸವೇ, ಬಂದ ತಕ್ಷಣ ಮಾಡಿಕೊಡುತ್ತೇನೆ ಎಂದು ಹೇಳಿ ಮದ್ದೂರಿನ ಮದುವೆಗೆ ಹೋಗಿದ್ದಾರೆ.